ಮರ ಕೊಯ್ಯುವ ಯಂತ್ರಕ್ಕೆ ಹಳೆಯ ಪಿಕಪ್: ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು

ಕಾಸರಗೋಡು: ಮಳೆಗಾಲದ ಗಾಳಿಗೆ ತೋಟದ ಬದಿಯ ಹಲಸಿನ ಮರವೊಂದು ಉರುಳಿದರೆ ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯ ಮನೆಯವರು ಮೊದಲು ಹಾಕುವುದು ಮರದ ಬೆಲೆಯ ಲೆಕ್ಕವನ್ನಲ್ಲ, ಸಾಗಾಟದ ಲೆಕ್ಕವನ್ನು. ದಿಮ್ಮಿಯನ್ನು ಗುಡ್ಡೆಯಿಂದ ರಸ್ತೆಗೆ ಎಳೆಯಬೇಕು, ಲಾರಿಗೆ ಏರಿಸಬೇಕು, ಮಿಲ್ಲಿನಲ್ಲಿ ಸರದಿ ಕಾಯಬೇಕು, ಕೊಯ್ದ ಹಲಗೆಯನ್ನು ಮತ್ತೆ ಮನೆಗೆ ತರಬೇಕು. ಇಷ್ಟರಲ್ಲಿ ಒಂದು ಬಾಗಿಲು, ನಾಲ್ಕು ಕಿಟಕಿಯ ಮರ ಪೇಟೆಯಲ್ಲಿ ಕೊಳ್ಳುವುದಕ್ಕಿಂತ ದುಬಾರಿಯಾಗುವುದೂ ಉಂಟು. ದಿಮ್ಮಿ ಮಿಲ್ಲಿಗೆ ಹೋಗುವ ಬದಲು ಮಿಲ್ಲೇ ದಿಮ್ಮಿಯ ಬಳಿಗೆ ಬಂದರೆ ಹೇಗೆ ಎಂಬ ಯೋಚನೆ ಹುಟ್ಟುವುದು ಇಲ್ಲಿಂದಲೇ.

ಬ್ಯಾಂಡ್ ಗರಗಸದ ಇಂತಹ ಸಂಚಾರಿ ಯಂತ್ರಗಳು ಹೊಸತೇನಲ್ಲ. ಅಮೆರಿಕದ ವುಡ್‌ಮೈಜರ್ ಕಂಪೆನಿ ಆರಂಭವಾದದ್ದೇ 1982ರಲ್ಲಿ, ಇಂತಹ ಯಂತ್ರಗಳಿಂದ. ಯಂತ್ರ ಕೊಳ್ಳಲು ಹೊರಟವರು ಅದನ್ನು ಊರೂರಿಗೆ ಒಯ್ಯಲು ಒಂದು ಪಿಕಪ್ ಹುಡುಕುತ್ತಾರೆ. ಹೊಸತಕ್ಕೆ ಹಣ ಸಾಲದು. ಪುತ್ತೂರು, ಸುಳ್ಯ, ಮಂಗಳೂರಿನಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಹೇಳುತ್ತಾರೆ. ಸಾಲ ಮಾಡಿ ತಂದ ಮೇಲೆ ಗಾಡಿ ಯಂತ್ರವನ್ನು ಹೊರುವುದಿಲ್ಲ, ಅಥವಾ ಹೊತ್ತರೂ ಕಾಗದ ಸರಿಯಿಲ್ಲ ಎಂದು ಗೊತ್ತಾದರೆ ನಷ್ಟ ಒಂದಲ್ಲ, ಎರಡು.

ಗಾಡಿ ನೋಡಲು ಹೋಗುವ ಮೊದಲೇ ಇತ್ಯರ್ಥವಾಗಬೇಕಾದ ವಿಷಯವೊಂದಿದೆ. ಮರದ ಮಿಲ್ಲಿಗೆ, ಅಂದರೆ ಮಲಯಾಳದ ಈರ್ಚಮಿಲ್ಲಿಗೆ, ಅರಣ್ಯ ಇಲಾಖೆಯ ಪರವಾನಗಿ ಬೇಕು. ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆದೇಶ ನೀಡಿದಂದಿನಿಂದ ದೇಶದಾದ್ಯಂತ ಈ ವಿಚಾರ ಬಿಗಿಯಾಗಿದೆ. ಕೇರಳದಲ್ಲಿ ಮರದ ಮಿಲ್ಲು ಮತ್ತು ಮರ ಆಧಾರಿತ ಘಟಕಗಳಿಗೆ 2012ರ ನಿಯಮಾವಳಿ ಇದೆ. ಯಂತ್ರಕ್ಕೆ ಚಕ್ರ ಇದೆ, ಆದ್ದರಿಂದ ಇದು ಮಿಲ್ಲು ಅಲ್ಲ ಎಂದು ಕೊಳ್ಳುವವರೋ ಮಾರುವವರೋ ತಾವೇ ತೀರ್ಮಾನಿಸುವುದು ಸರಿಯಲ್ಲ. ಕರ್ನಾಟಕದಲ್ಲಿ ಪಡೆದ ಪರವಾನಗಿ ಕೇರಳದ ಮನೆಯಂಗಳದಲ್ಲಿ ನಡೆಯುತ್ತದೆ ಎಂದು ನಂಬುವುದೂ ಸರಿಯಲ್ಲ. ಯಂತ್ರದ ವಿವರ, ಅಶ್ವಶಕ್ತಿ, ಯಾವ ಮರ ಕೊಯ್ಯುವುದು, ಎಲ್ಲಿ ಕೊಯ್ಯುವುದು ಎಂಬುದನ್ನು ಬರೆದು ವಿಭಾಗೀಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಲಿಖಿತ ಉತ್ತರ ಕೇಳುವುದು ಒಳ್ಳೆಯದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಬಾಯಿಮಾತಿನ "ಏನೂ ತೊಂದರೆ ಇಲ್ಲ" ಎಂಬ ಉತ್ತರ ಮುಂದೆ ಯಾರ ನೆರವಿಗೂ ಬರುವುದಿಲ್ಲ.

ಎಳೆಯುವುದೋ, ಹೊರುವುದೋ

ವಿದೇಶದ ಚಿತ್ರಗಳಲ್ಲಿ ಪಿಕಪ್‌ನ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಟ್ರೇಲರ್ ಮೇಲೆ ಇಡೀ ಮಿಲ್ಲು ಸಾಗುವುದನ್ನು ಕಾಣಬಹುದು. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಎಳೆಯುವ ಗಾಡಿಯ ನಂಬರು ಟ್ರೇಲರಿನ ಮೇಲೆ ಕಾಣಬೇಕು. ವಿಮೆಯಲ್ಲಿ ಟ್ರೇಲರ್ ಸೇರಿರಬೇಕು. ವೆಲ್ಡಿಂಗ್ ಶಾಪಿನಲ್ಲಿ ಚಾಸಿಗೆ ಕೊಕ್ಕೆ ಬೆಸೆದುಕೊಂಡರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಕಂಪೆನಿ ಮಾಡಿದ ರೂಪವನ್ನು ಮನಬಂದಂತೆ ಬದಲಿಸಬಾರದು ಎಂದು 52ನೇ ಸೆಕ್ಷನ್ ಹೇಳುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ಅಪಘಾತವಾದಾಗ ವಿಮಾ ಕಂಪೆನಿ ಮೊದಲು ಕಣ್ಣು ಹಾಕುವುದು ಇಂತಹ ಬೆಸುಗೆಯ ಮೇಲೆಯೇ.

ಕಾನೂನು ಬದಿಗಿಟ್ಟರೂ ರಸ್ತೆ ಬಿಡುವುದಿಲ್ಲ. ಬ್ರೇಕ್ ಇಲ್ಲದ ಒಂದು ಟನ್ನಿನ ಟ್ರೇಲರ್ ಇಳಿಜಾರಿನಲ್ಲಿ ಎದುರಿನ ಗಾಡಿಯನ್ನು ತಳ್ಳುತ್ತದೆ. ಟ್ರೇಲರಿನ ಭಾರ ಹಿಂಬದಿಗೆ ಹೆಚ್ಚಾದರೆ ಅದು ಬಾಲ ಆಡಿಸಿದಂತೆ ಆಡುತ್ತದೆ, ಚಾಲಕನ ಕೈಗೆ ಸ್ಟಿಯರಿಂಗ್ ಸಿಗುವುದಿಲ್ಲ. ಬಾಡಿ ಖಾಲಿಯಿರುವ ಪಿಕಪ್‌ನ ಹಿಂದಿನ ಚಕ್ರ ಒದ್ದೆ ಮುರಕಲ್ಲಿನ ದಾರಿಯಲ್ಲಿ ಹೇಗೆ ಜಾರುತ್ತದೆ ಎಂಬುದು ಇಲ್ಲಿನ ಚಾಲಕರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಹಳ್ಳಿಯ ಕೆಲಸಕ್ಕೆ ಎಳೆಯುವುದಕ್ಕಿಂತ ಹೊರುವುದೇ ಲೇಸು. ಕೈಯಿಂದ ತಳ್ಳಿ ಕೊಯ್ಯುವ ಸಣ್ಣ ಬ್ಯಾಂಡ್ ಗರಗಸದ ಯಂತ್ರ ಸುಮಾರು 300ರಿಂದ 500 ಕಿಲೋ ತೂಗುತ್ತದೆ. ಹಳಿಯನ್ನು ಬಿಚ್ಚಿ, ಗರಗಸದ ತಲೆಯನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಪಿಕಪ್‌ನ ಬಾಡಿಯಲ್ಲಿ ಇಟ್ಟು ಕಟ್ಟಿದರೆ ಅದು ಬರೇ ಸಾಮಾನು, ಟ್ರೇಲರ್ ಅಲ್ಲ. ಹೈಡ್ರಾಲಿಕ್ ಇರುವ ದೊಡ್ಡ ಯಂತ್ರ ಒಂದು ಟನ್ ದಾಟುತ್ತದೆ. ಅದನ್ನೇ ಕೊಳ್ಳಬೇಕೆಂದು ಹಠವಿದ್ದರೆ ಪಿಕಪ್ ಮರೆತು ಟ್ರ್ಯಾಕ್ಟರಿನ ಲೆಕ್ಕ ಹಾಕುವುದು ಮೇಲು.

ಹೊರುವುದು ಎಂದಾದ ಮೇಲೆ ಆರ್‌ಸಿಯಲ್ಲಿ ಎರಡು ಅಂಕೆ ನೋಡಬೇಕು: ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ. ಇವೆರಡರ ವ್ಯತ್ಯಾಸದಲ್ಲೇ ಜನ, ಯಂತ್ರ, ಹಲಗೆ ಎಲ್ಲವೂ ಹಿಡಿಯಬೇಕು. ಉದಾಹರಣೆಗೆ ಖಾಲಿ ತೂಕ 1700 ಕಿಲೋ, ಒಟ್ಟು ತೂಕ 2900 ಕಿಲೋ ಎಂದಿಟ್ಟುಕೊಳ್ಳಿ. ಉಳಿಯುವುದು 1200. ಮೂವರು ಕೆಲಸದವರಿಗೆ 200, ಯಂತ್ರಕ್ಕೆ 450, ಚೈನು, ಜಾಕಿ, ಬ್ಲೇಡು, ಪೆಟ್ರೋಲು, ಬುತ್ತಿ ಎಂದು 150 ಕಳೆದರೆ ಮಿಕ್ಕುವುದು 400 ಕಿಲೋ. ಹಸಿ ಮರ ಒಂದು ಘನ ಅಡಿಗೆ ಅಂದಾಜು 28 ಕಿಲೋ ತೂಗುತ್ತದೆ ಎಂದಾದರೆ ಮರಳಿ ಬರುವಾಗ ಹೇರಬಹುದಾದದ್ದು 14 ಘನ ಅಡಿ ಮಾತ್ರ. "ಬರುವ ದಾರಿಯಲ್ಲಿ ಸ್ವಲ್ಪ ಹಲಗೆಯನ್ನೂ ಹಾಕಿಕೊಂಡು ಹೋಗಿ" ಎಂದು ಮರದ ಯಜಮಾನರು ಹೇಳುವಾಗ ಈ ಲೆಕ್ಕ ನೆನಪಿನಲ್ಲಿರಬೇಕು. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂ. ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂ. ಎಂದಿದೆ.

ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ಗಡಿ ದಾಟಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಕಾರಿನ ಲೈಸೆನ್ಸ್ ಇದ್ದವರು 7500 ಕಿಲೋವರೆಗಿನ ಸರಕು ವಾಹನವನ್ನು ಬೇರೆ ಬ್ಯಾಡ್ಜ್ ಇಲ್ಲದೆ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿದೆ.

2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ಮಾದರಿ ಎರಡು ಸಿಲಿಂಡರಿನದ್ದು, 16 ಅಶ್ವಶಕ್ತಿಯದ್ದು. ಪೇಟೆಯ ತರಕಾರಿಗೆ ಚಿನ್ನದಂತಹ ಗಾಡಿ, ಆದರೆ ಯಂತ್ರ, ಜನ ಸೇರಿ ಗುಡ್ಡೆ ಹತ್ತುವ ಕೆಲಸಕ್ಕೆ ಅಲ್ಲ. ಮಹೀಂದ್ರ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾದ 207 ಮತ್ತು ಯೋಧ ಈ ಕೆಲಸಕ್ಕೆ ನೋಡಬಹುದಾದವು. ಇಸುಜು ಡಿ-ಮ್ಯಾಕ್ಸ್ ಗಟ್ಟಿ ಗಾಡಿ, ಆದರೆ ಬಿಡಿಭಾಗಕ್ಕೆ ಪೇಟೆಗೆ ಓಡಬೇಕಾದೀತು. ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಅಂದೇ ಕ್ಲಚ್ ಪ್ಲೇಟ್ ಸಿಗುವ ಗಾಡಿಯೇ ದಿನಗೂಲಿಯ ಮೂವರನ್ನು ಕಟ್ಟಿಕೊಂಡು ದುಡಿಯುವವನ ಗಾಡಿ. ಫೋರ್ ವೀಲ್ ಡ್ರೈವ್ ಬೇಕೇ ಬೇಕು ಎಂಬುದರಲ್ಲಿ ಹುರುಳಿಲ್ಲ. ಬಾಡಿಯಲ್ಲಿ ಯಂತ್ರದ ಭಾರ ಇದ್ದು ಟಯರಿನ ಗೆರೆ ಸವೆಯದಿದ್ದರೆ ಸಾಮಾನ್ಯ ಪಿಕಪ್ ತೋಟದ ದಾರಿ ಹತ್ತುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ವ್ಯವಸ್ಥೆ ಸೂಕ್ಷ್ಮವಾದದ್ದು. ಎರಡು ಮೂರು ಕಿಲೋಮೀಟರ್ ಓಡಿ ದಿನವಿಡೀ ನಿಲ್ಲುವ ಗಾಡಿಗೆ ಅದರ ದುರಸ್ತಿ ಹೊರೆಯಾಗಬಹುದು.

ಮೊದಲು ಏನು ಹೊತ್ತಿತ್ತು?

ಮೀಟರ್ ಎಷ್ಟು ಓಡಿದೆ ಎಂಬುದಕ್ಕಿಂತ ಗಾಡಿ ಏನು ಹೊತ್ತು ಓಡಿದೆ ಎಂಬುದು ಮುಖ್ಯ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಚಾಸಿಯನ್ನು ಸಾಧ್ಯವಿಲ್ಲ.

ಕರಾವಳಿಯಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಮೀನಿನ ಗಾಡಿಯ ಬಗ್ಗೆ. ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಬಾಡಿಯ ಸಂದಿನಿಂದ ಚಾಸಿಗೆ ಇಳಿದಿರುತ್ತದೆ. ಮೇಲಿನಿಂದ ಹೊಸ ಬಣ್ಣ ಹೊಳೆಯುತ್ತದೆ, ಕೆಳಗೆ ಕಬ್ಬಿಣ ಹಪ್ಪಳವಾಗಿರುತ್ತದೆ. ಗಾಡಿಯ ಅಡಿಗೆ ಮಲಗಿ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ಕಣ್ ಎಂದು ಸದ್ದಾಗುತ್ತದೆ, ತುಕ್ಕು ತಿಂದಲ್ಲಿ ಸದ್ದು ಮಂದವಾಗುತ್ತದೆ. ಕೆಳಭಾಗಕ್ಕೆ ಮಾತ್ರ ಹೊಸತಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂಶಯ ಹೆಚ್ಚಬೇಕು. ಬ್ರೇಕ್ ಪೈಪುಗಳನ್ನೂ ಉಪ್ಪು ಬಿಟ್ಟಿರುವುದಿಲ್ಲ.

ಎರಡನೆಯದು ಕಲ್ಲಿನ ಗಾಡಿ. ಮುರಕಲ್ಲಿನ ಕೋರೆಯಲ್ಲಿ ದುಡಿದ ಪಿಕಪ್ ಬಹುಪಾಲು ಅತಿಭಾರ ಹೊತ್ತದ್ದೇ. ಸಮತಟ್ಟು ಜಾಗದಲ್ಲಿ ಖಾಲಿ ನಿಲ್ಲಿಸಿ ಹಿಂದಿನಿಂದ ನೋಡಿದಾಗ ಒಂದು ಬದಿ ತಗ್ಗಿದ್ದರೆ, ಹಿಂದಿನ ಪ್ಲೇಟಿಗೆ ಕಂಪೆನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ, ಚಾಸಿಯಲ್ಲಿ ಬೆಸುಗೆಯ ತೇಪೆ ಕಂಡರೆ ಅದರ ಕತೆ ಅಲ್ಲೇ ಬರೆದಿದೆ. ಬಾಡಿಯ ನೆಲ ಅಲ್ಲಲ್ಲಿ ಕುಳಿ ಬಿದ್ದಿರುವುದೂ ಕಲ್ಲಿನ ಗುರುತು. ಬಾಳೆಗೊನೆ, ಅಡಿಕೆ, ಬೇಕರಿ ಸಾಮಾನು ಹೊತ್ತ ಗಾಡಿ ಸಿಕ್ಕಿದರೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಂಜಿನ್ ನೋಡುವವರು ಬೆಳಗ್ಗೆ ಹೋಗಬೇಕು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಎಣ್ಣೆಯ ಮುಚ್ಚಳ ತೆರೆದಾಗ ಬುಸುಗುಟ್ಟುತ್ತಾ ಹೊಗೆ ಹೊರಬಂದರೆ ಎಂಜಿನ್ ಕೆಲಸಕ್ಕೆ ಹಣ ಎತ್ತಿಡಬೇಕು. ಹ್ಯಾಂಡ್ ಬ್ರೇಕ್ ಹಾಕಿ ಮೂರನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟರೆ ಎಂಜಿನ್ ಬಂದ್ ಬೀಳಬೇಕು. ಬೀಳದೆ ಗುಂಯ್‌ಗುಡುತ್ತಿದ್ದರೆ ಕ್ಲಚ್ ಸವೆದಿದೆ.

ಗಡಿಯಾಚೆಯ ನಂಬರು

ಗಡಿಯ ಹಳ್ಳಿಗಳಲ್ಲಿ ಅರ್ಧ ನೆಂಟಸ್ತಿಕೆ ಆಚೆ, ಅರ್ಧ ಈಚೆ. ಹಾಗಾಗಿ ಕೆಎ 19, ಕೆಎ 21, ಕೆಎ 70 ನಂಬರಿನ ಗಾಡಿ ಕೆಎಲ್ 14ರ ಊರಿನಲ್ಲಿ ಓಡಾಡುವುದು ಯಾರಿಗೂ ವಿಶೇಷವೆನಿಸುವುದಿಲ್ಲ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಲೇಬೇಕೆಂದು ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ತೆರಿಗೆ ಬಾಕಿ, ಕೇಸಿನ ದಂಡ ಬಾಕಿ ಇದ್ದರೆ ಅದು ಸಿಗುವುದಿಲ್ಲ. ಬ್ಯಾಂಕಿನ ಸಾಲ ಇದ್ದರೆ ಮೊದಲು ಫಾರ್ಮ್ 35 ಮೂಲಕ ಸಾಲದ ನಮೂದು ತೆಗೆಸಬೇಕು. ಕೇರಳದಲ್ಲಿ ಮತ್ತೆ ತೆರಿಗೆ ಇದೆ. ಅಗ್ಗಕ್ಕೆ ಸಿಕ್ಕಿದ ಗಾಡಿ ಎಷ್ಟು ಅಗ್ಗ ಎಂಬುದು ಇಷ್ಟನ್ನೂ ಕೂಡಿಸಿದ ಮೇಲೆ ಗೊತ್ತಾಗುತ್ತದೆ.

ಹೆಚ್ಚಿನವರು ಸಿಕ್ಕಿಬೀಳುವುದು ಖಾಲಿ ಫಾರ್ಮಿನ ವ್ಯಾಪಾರದಲ್ಲಿ. ಮೊದಲ ಯಜಮಾನ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟಿರುತ್ತಾನೆ. ಗಾಡಿ ಮೂರು ಕೈ ದಾಟಿ ಬರುತ್ತದೆ, ಆರ್‌ಸಿಯಲ್ಲಿ ಮಾತ್ರ ಅವನದೇ ಹೆಸರು. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಿಕನದ್ದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಇದು ಕೊಳ್ಳುವವನ ತಲೆನೋವು ಮಾತ್ರವಲ್ಲ, ತನ್ನ ಪಾಡಿಗೆ ಗಾಡಿ ಮಾರಿ ಮರೆತವನದ್ದೂ ಹೌದು. ಕೊಳ್ಳುವವನ ಕಷ್ಟ ಬೇರೆ: ಮೊದಲ ಯಜಮಾನ ತೀರಿಹೋಗಿದ್ದರೆ ಅಥವಾ ಪರವೂರಿಗೆ ಹೋಗಿದ್ದರೆ ಹೆಸರು ಬದಲಾವಣೆ ಅಲ್ಲೇ ನಿಲ್ಲುತ್ತದೆ. ಹೆಸರು ಬದಲಾದ ಮೇಲೆ 14 ದಿನದೊಳಗೆ ವಿಮೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಫಿಟ್‌ನೆಸ್ ಮತ್ತು ವಿಮೆಯ ದಿನಾಂಕ ಕಾಣುತ್ತದೆ. ದಂಡ ಬಾಕಿಯನ್ನು ಇ-ಚಲನ್ ತಾಣದಲ್ಲಿ ಬೇರೆಯಾಗಿ ನೋಡಬೇಕು. 2023ರ ಜೂನ್‌ನಿಂದ ಕೇರಳದ ರಸ್ತೆ ಕ್ಯಾಮರಾಗಳು ದಂಡ ಹಾಕುತ್ತಿರುವುದರಿಂದ ಮಾರುವವನಿಗೇ ತಿಳಿಯದ ಬಾಕಿಯೂ ಇರಬಹುದು. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಒಂಬತ್ತು ವರ್ಷದ ಗಾಡಿ ಕೊಳ್ಳುವವರು ವರ್ಷಕ್ಕೊಮ್ಮೆ ಆ ಖರ್ಚು ಇದೆ ಎಂದು ಬರೆದಿಟ್ಟುಕೊಳ್ಳಬೇಕು. ಗಡಿಯಾಚೆಗೆ ಹಲಗೆ ಸಾಗಿಸುವುದಕ್ಕೆ ಬೇರೆಯೇ ಕಾಗದ ಇದೆ. ಮರದ ಸಾಗಾಟ ಪರವಾನಗಿಗೆ 2023ರ ಡಿಸೆಂಬರ್‌ನಲ್ಲಿ ದೇಶಮಟ್ಟದ ಆನ್‌ಲೈನ್ ವ್ಯವಸ್ಥೆ ಬಂದಿದೆ. ಯಾವ ಮರಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ ಎಂಬುದು ಎರಡು ರಾಜ್ಯಗಳಲ್ಲಿ ಒಂದೇ ಅಲ್ಲ.

ಇಷ್ಟೆಲ್ಲ ಸರಿಯಿದ್ದರೆ ಮುಂಗಡ ಕೊಡುವ ಮೊದಲು ಒಂದು ಸವಾರಿ ಬಾಕಿ. ಖಾಲಿ ಗಾಡಿಯಲ್ಲಿ ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ಹತ್ತು ಚೀಲ ಸಿಮೆಂಟ್ ಹೇರಿದರೆ 500 ಕಿಲೋ, ಸರಿಸುಮಾರು ಯಂತ್ರದ ಭಾರ. ಅದನ್ನು ಹೇರಿಕೊಂಡು ಪೆರ್ಲ, ಅಡ್ಕಸ್ಥಳ ದಾರಿಯ ಏರಿನಂತಹ ಜಾಗದಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟು, ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ನೋಡಬೇಕು. ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಬಹುದು.