‘ಕಾಯ್’ ಧಾತುವೂ ಶಿಶುಪ್ರಕ್ರಿಯೆಗಳ ನಿರ್ವಹಣೆಯೂ

ನರಗುಂದ ತಾಲೂಕಿನ ಕೊಣ್ಣೂರಿನ ಶಿಲಾಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದೇ ಆಗಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಒಂದನೆಯ ಅಮೋಘವರ್ಷನು ಶಕ 782ರಲ್ಲಿ, ಎಂದರೆ ಕ್ರಿ. ಶ. 860ರಲ್ಲಿ, ಬಂಕೇಯನ ಪ್ರಾರ್ಥನೆಯ ಮೇರೆಗೆ ಅಲ್ಲಿಯ ಜಿನಾಲಯಕ್ಕೆ ಮಾಡಿದ ದಾನವನ್ನು ಅದು ಹೇಳುತ್ತದೆ. ಆದರೆ ಆ ಕಲ್ಲು ಆ ಕಾಲದ್ದಲ್ಲ. ತಾಮ್ರಶಾಸನದಲ್ಲಿದ್ದುದನ್ನು ವೀರನಂದಿ ಮುನಿಯ ಕೋರಿಕೆಯಂತೆ 12ನೆಯ ಶತಮಾನದಲ್ಲಿ ಕಲ್ಲಿಗೇರಿಸಿದ ಪ್ರತಿಯದು. ಇದನ್ನು ಶಾಸನವೇ ತಿಳಿಸುತ್ತದೆ. ಪ್ರತಿಗೆ ಪ್ರಾಮಾಣ್ಯವುಂಟಾಗಬೇಕಾದರೆ, ಬರೆಯಿಸಿದವನು ಕೆಲಸವು ಮುಗಿಯುವವರೆಗೂ ಇದ್ದು, ಮುಗಿದುದನ್ನು ಪರೀಕ್ಷಿಸಿ ಒಪ್ಪಿರಬೇಕಷ್ಟೆ. ಈಗ ಶಾಸನಗಳ ಛಾಯಾಚಿತ್ರಗಳಿಂದ ಗಣಕಯಂತ್ರದ ಮೂಲಕ ಪಾಠವನ್ನು ಎತ್ತಿಸುವಾಗಲೂ ಈ ನಿಯಮವು ತಪ್ಪಿದುದಲ್ಲ. ಅದು ಅಲ್ಲಿ ಹೇಗೆ ನಡೆಯುತ್ತದೆಂಬುದನ್ನು ಪ್ರಕೃತ ವಿವರಿಸಲಾಗುವುದು.

ಯಂತ್ರವು ಒಂದರ ತರುವಾಯ ಒಂದಾಗಿ ನಡೆಸತಕ್ಕ ಆಜ್ಞೆಗಳ ಪಟ್ಟಿಗೆ ‘ಸ್ಕ್ರಿಪ್ಟ್’ ಎಂದು ಹೆಸರು. ಅದು ನಡೆಯುತ್ತಿರುವಾಗ ಒಂದು ಪ್ರಕ್ರಿಯೆಯೆನಿಸುತ್ತದೆ. ಈ ಪ್ರಕ್ರಿಯೆಯು ತನ್ನ ಕೆಲಸವನ್ನು ಹಂಚುವುದಕ್ಕಾಗಿ ಬೇರೆ ಪ್ರಕ್ರಿಯೆಗಳನ್ನು ಹುಟ್ಟಿಸಬಲ್ಲುದು. ಹುಟ್ಟಿಸಿದುದು ಮಾತೃಪ್ರಕ್ರಿಯೆ, ಹುಟ್ಟಿದವು ಶಿಶುಪ್ರಕ್ರಿಯೆಗಳು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಆರಂಭವಾದ ಯೂನಿಕ್ಸ್ ವ್ಯವಸ್ಥೆಯ ಮೂಲಕ ಈ ಪದ್ಧತಿಯು ಪ್ರಸಿದ್ಧಿಗೆ ಬಂದಿತು.

ನಾಲ್ವತ್ತು ಚಿತ್ರಗಳಿವೆಯೆಂದೂ, ಹತ್ತುಹತ್ತರಂತೆ ಅವನ್ನು ನಾಲ್ಕು ಶಿಶುಪ್ರಕ್ರಿಯೆಗಳಿಗೆ ಒಪ್ಪಿಸಲಾಯಿತೆಂದೂ ಇಟ್ಟುಕೊಳ್ಳೋಣ. ಆಜ್ಞೆಯ ಕೊನೆಯಲ್ಲಿ ‘&’ ಎಂಬ ಚಿಹ್ನೆಯನ್ನಿಟ್ಟರೆ, ಮಾತೃಪ್ರಕ್ರಿಯೆಯು ಅದು ಮುಗಿಯುವುದನ್ನು ನೋಡದೆ ಮುಂದಿನ ಸಾಲಿಗೆ ಹೋಗುತ್ತದೆ. ಹೀಗೆ ನಾಲ್ಕೂ ಏಕಕಾಲದಲ್ಲಿ ನಡೆಯುತ್ತವೆ. ಆದರೆ ಮುಂದಿನ ಸಾಲಿನಲ್ಲಿಯೇ ‘ಪಾಠಗಳನ್ನು ಒಂದುಗೂಡಿಸು’ ಎಂಬ ಆಜ್ಞೆಯಿದ್ದರೆ, ಅರ್ಧ ಬರೆದ ಪಾಠಗಳೇ ಪೂರ್ಣವೆಂಬಂತೆ ಸಂಕಲಿತವಾಗುವುವು. ಇದನ್ನು ತಡೆಯತಕ್ಕುದು ‘ವೇಟ್’, ಎಂದರೆ ‘ಕಾಯು’, ಎಂಬ ಆಜ್ಞೆ.

ಕನ್ನಡದ ‘ಕಾಯ್’ ಧಾತುವಿಗೆ ನಿರೀಕ್ಷಿಸುವುದೆಂದೂ ರಕ್ಷಿಸುವುದೆಂದೂ ಅರ್ಥಗಳುಂಟು. ಹಾದಿ ಕಾಯುವುದು ಬೇರೆ, ದನ ಕಾಯುವುದು ಬೇರೆ. ಹಾದಿ ಕಾಯುವವನಿಗೆ ಸುಮ್ಮನೆ ನಿಂತಿದ್ದರೆ ಸಾಕು. ದನ ಕಾಯುವವನು ಮಾತ್ರ ಸಂಜೆಗೆ ಒಂದೊಂದನ್ನೂ ಎಣಿಸಿ ಹೊಡೆದುಕೊಂಡು ಬರಬೇಕು. ಶಿಶುಪ್ರಕ್ರಿಯೆಗಳ ವಿಷಯದಲ್ಲಿ ಬೇಕಾದುದು ಎರಡನೆಯ ಅರ್ಥವೇ.

ಹೇಗೆಂದರೆ, ಪ್ರತಿಯೊಂದು ಪ್ರಕ್ರಿಯೆಯೂ ಮುಗಿಯುವಾಗ 0ಯಿಂದ 255ರೊಳಗಣ ಒಂದು ಸಂಖ್ಯೆಯನ್ನು ತನ್ನ ಫಲವಾಗಿ ಉಳಿಸುತ್ತದೆ. 0 ಎಂದರೆ ಸಿದ್ಧಿ. ಉಳಿದುದು ಸಾಮಾನ್ಯವಾಗಿ ವೈಫಲ್ಯ. ಬಲವಂತದಿಂದ ಕೊಲ್ಲಲ್ಪಟ್ಟುದಕ್ಕೆ 137 ಎಂದು ತೋರುವುದುಂಟು. 128ಕ್ಕೆ 9 ಎಂಬ ಸಂಕೇತಸಂಖ್ಯೆಯನ್ನು ಕೂಡಿಸಿದುದೇ ಅದು. ಆದರೆ ‘ವೇಟ್’ ಎಂದಷ್ಟೇ ಬರೆದರೆ, ಮಾತೃಪ್ರಕ್ರಿಯೆಯು ಎಲ್ಲ ಶಿಶುಗಳೂ ಮುಗಿಯುವವರೆಗೆ ನಿಲ್ಲುತ್ತದೆ ನಿಜ. ಅವುಗಳಲ್ಲೊಂದು ಕೆಟ್ಟಿದ್ದರೂ ತಾನು ಹೇಳುವುದು 0 ಎಂದೇ. ಇದು ಹಾದಿ ಕಾಯುವುದಾಯಿತು. ಆದುದರಿಂದ ಹುಟ್ಟಿಸಿದ ಕೂಡಲೇ ‘$!’ ಎಂಬಲ್ಲಿ ದೊರೆಯುವ ಆ ಶಿಶುವಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದೊಂದು ಸಂಖ್ಯೆಗೂ ಬೇರೆಬೇರೆಯಾಗಿ ‘ವೇಟ್’ ಹೇಳಿ, ಫಲವನ್ನು ಕೇಳಬೇಕು. ಮೊದಲನೆಯದನ್ನು ಕಾಯುತ್ತಿರುವಾಗ ಮೂರನೆಯದು ಮುಗಿದರೆ ಬಾಧಕವಿಲ್ಲ. ಅದರ ಫಲವು ಕೇಳುವವರೆಗೂ ನೆನಪಿನಲ್ಲಿರುತ್ತದೆ. ಯಾವುದು ಮೊದಲು ಮುಗಿಯುವುದೋ ಅದನ್ನೇ ಕಾಯುವ ಸೌಕರ್ಯವು ಬ್ಯಾಷ್ ಎಂಬ ಶೆಲ್ಲಿಗೆ 2014ರ 4.3ನೆಯ ಆವೃತ್ತಿಯಲ್ಲಿ ಬಂದಿತು.

ಮುಗಿದ ಶಿಶುವಿನ ಫಲವನ್ನು ತಾಯಿಯು ಕೇಳದೆ ಹೋದರೆ, ಅದರ ಸಂಖ್ಯೆಯೂ ಫಲವೂ ವ್ಯವಸ್ಥೆಯ ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತವೆ. ಇಂಥದನ್ನು ‘ಜೋಂಬಿ’ ಎನ್ನುವರು. ಸಂಸ್ಕಾರಕ್ಕಾಗಿ ಕಾದಿರುವ ಪ್ರೇತದಂತೆಂದು ತಿಳಿಯಬಹುದು. ತಾಯಿಯೇ ಮೊದಲು ಮುಗಿದರೆ, ಅನಾಥವಾದ ಶಿಶುವನ್ನು ಸಾಮಾನ್ಯವಾಗಿ 1ನೆಯ ಸಂಖ್ಯೆಯ ಪ್ರಕ್ರಿಯೆಯು ದತ್ತು ತೆಗೆದುಕೊಂಡು ಆ ಕರ್ಮವನ್ನು ನೆರವೇರಿಸುತ್ತದೆ. ಆದರೆ ಫಲವು ಆಗ ನಮಗೆ ತಿಳಿಯದು. ಒಂದು ಪ್ರಕ್ರಿಯೆಯ ಶಿಶುವನ್ನು ಮತ್ತೊಂದು ‘ವೇಟ್’ ಆಜ್ಞೆಯಿಂದ ಕಾಯಲಾರದು. ಯತ್ನಿಸಿದರೆ ದೊರೆಯುವ ಉತ್ತರ 127. ಸ್ಕ್ರಿಪ್ಟನ್ನು ನಡುವೆ ನಿಲ್ಲಿಸಬೇಕಾಗಿ ಬಂದರೆ ‘ಟ್ರ್ಯಾಪ್’ ಎಂಬ ಆಜ್ಞೆಯಿಂದ ಶಿಶುಗಳಿಗೂ ನಿಲ್ಲುವ ಸಂಕೇತವನ್ನು ಕಳಿಸಿ, ಅವು ನಿಂತ ಮೇಲೆಯೇ ತಾನು ಮುಗಿಯುವಂತೆ ಬರೆಯುವುದು ಯುಕ್ತ.

ಇಷ್ಟರಿಂದಲೇ ಪಾಠವು ಶುದ್ಧವಾಯಿತೆಂದು ಭಾವಿಸಲಾಗದು. 0 ಎಂಬ ಫಲವು ಕೆಲಸವು ಯಂತ್ರದ ಲೆಕ್ಕದಲ್ಲಿ ಸಾಂಗವಾಗಿ ಮುಗಿಯಿತೆಂಬುದಕ್ಕೆ ಮಾತ್ರ ಸಾಕ್ಷಿ. ೞಕಾರವನ್ನು ಳಕಾರವೆಂದು ಓದಿದ ಪ್ರಕ್ರಿಯೆಯೂ 0 ಎಂದೇ ಹೇಳಬಹುದು. ಯಾವ ಶಿಶುಪ್ರಕ್ರಿಯೆಯು ವಿಫಲವಾಯಿತೆಂಬುದನ್ನು ‘ವೇಟ್’ ತಿಳಿಸುವುದು. ಬಂದ ಪಾಠವು ಸಾಧುವೇ ಅಲ್ಲವೇ ಎಂಬುದನ್ನು ಮೂಲದೊಡನೆ ಹೋಲಿಸಿ ಪಂಡಿತರೇ ನಿರ್ಣಯಿಸಬೇಕು. ಮೊದಲನೆಯ ಕಾವಲು ತಪ್ಪಿದರೆ ಎರಡನೆಯದಕ್ಕೆ ಸಾಮಗ್ರಿಯೇ ಉಳಿಯದು. ಇಲ್ಲದ ಸಾಲುಗಳು ಶಾಸನದಲ್ಲಿಯೇ ಇರಲಿಲ್ಲವೆಂದು ಮುಂದಿನವರು ನಂಬುವರು. ಆದುದರಿಂದ ಇಂಥ ಕಾರ್ಯಗಳನ್ನು ಕೈಗೊಳ್ಳುವವರು ಪ್ರತಿಯೊಂದು ಶಿಶುಪ್ರಕ್ರಿಯೆಯ ಫಲವನ್ನೂ ಪಾಠದೊಡನೆ ಬರೆದಿಡುವುದು ಆವಶ್ಯಕವೆಂದು ವಿಜ್ಞರಲ್ಲಿ ಅರಿಕೆ.