ಹವ್ಯಾಸಿ ಎಂದ ಮಾತ್ರಕ್ಕೆ ಪುಕ್ಕಟೆಯಲ್ಲ

ಮೈಸೂರು: ಇಂಗ್ಲಿಷಿನಲ್ಲಿ ‘ಫ್ರೀಲಾನ್ಸ್’ ಎಂದು ಕರೆಯುವ ವೃತ್ತಿಗೆ ಕನ್ನಡ ಪತ್ರಿಕೋದ್ಯಮವು ಬಹಳ ಹಿಂದೆಯೇ ‘ಹವ್ಯಾಸಿ’ ಎಂಬ ಹೆಸರಿಟ್ಟಿತು. ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದೆ, ಲೇಖನಕ್ಕೆ ಇಷ್ಟು ಎಂಬ ಸಂಭಾವನೆಯ ಮೇಲೆ ಬರೆಯುವವರು ಹವ್ಯಾಸಿ ಪತ್ರಕರ್ತರು ಅಥವಾ ಹವ್ಯಾಸಿ ಬರಹಗಾರರು. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಅಂಚೆಚೀಟಿ ಸಂಗ್ರಹವೂ ಹವ್ಯಾಸ, ಭಾನುವಾರದ ಚದುರಂಗವೂ ಹವ್ಯಾಸ. ಹವ್ಯಾಸಕ್ಕೆ ಕೂಲಿ ಕೇಳುವುದುಂಟೆ? ‘ಹೆಸರು ಬರುತ್ತದಲ್ಲ, ಸಾಕು’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ವಾಸ್ತವವಾಗಿ ಇದು ಬಿಡುವಿನ ವೇಳೆಯ ಕೆಲಸವಲ್ಲ. ಬರಹವನ್ನೇ ನಂಬಿ ಬದುಕುವವರ ದಿನಚರಿಯಲ್ಲಿ ಕಸುಬು, ಹವ್ಯಾಸ ಮತ್ತು ತಿರುಗಾಟ ಒಂದರೊಳಗೊಂದು ಬೆರೆತಿರುತ್ತವೆ. ಓದುಗರಿಗೆ ಕಾಣುವುದು ಅಚ್ಚಾದ ಲೇಖನ ಮಾತ್ರ. ಅದರ ಹಿಂದಿನ ದುಡಿಮೆ ಎಂಥದು, ಬರೆದವರಿಗೆ ಕಾನೂನು ಕೊಟ್ಟಿರುವ ಹಕ್ಕುಗಳೇನು ಎಂಬುದರ ವಿವರ ಇಲ್ಲಿದೆ.

ವಾಯುವಿಹಾರವೂ ಕೆಲಸವೇ

ಮೈಸೂರಿನಂತಹ ಊರಿನಲ್ಲಿ ಬರಹಗಾರನ ಕೆಲಸ ಮೇಜಿನ ಮುಂದೆ ಆರಂಭವಾಗುವುದಿಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನೂರಾರು ಜನರಿಗೆ ಅದು ಆರೋಗ್ಯದ ಮಾತು. ಬರೆಯುವವನಿಗೆ ಅದೇ ನಡಿಗೆ ವರ್ಷದ ದಾಖಲೆ. ಹೆಜ್ಜಾರ್ಲೆಗಳು ಯಾವ ತಿಂಗಳಲ್ಲಿ ಹೆಚ್ಚಿದವು, ನೀರಿನ ಬಣ್ಣ ಎಂದು ಬದಲಾಯಿತು, ಯಾವ ಮರ ಉರುಳಿತು ಎಂಬುದನ್ನು ಪ್ರತಿದಿನ ಕಂಡವನು ಮಾತ್ರ ಕೆರೆಯ ಬಗ್ಗೆ ಅಧಿಕಾರದಿಂದ ಬರೆಯಬಲ್ಲ.

ಪಕ್ಷಿ ವೀಕ್ಷಣೆಯ ಅಭ್ಯಾಸ ಇರುವವನು ರಂಗನತಿಟ್ಟಿಗೂ ಹೋಗುತ್ತಾನೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ತಾಣ 2022ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಂತಹ ಸುದ್ದಿ ಬಂದ ದಿನ ಸಂಪಾದಕರಿಗೆ ಸಂಜೆಯೊಳಗೆ ಲೇಖನ ಬೇಕಾಗುತ್ತದೆ. ಹತ್ತು ವರ್ಷ ಅಲ್ಲಿ ತಿರುಗಿದವನು ಎರಡು ಗಂಟೆಯಲ್ಲಿ ಬರೆದು ಕೊಡುತ್ತಾನೆ. ಸಂಭಾವನೆ ಸಲ್ಲುವುದು ಆ ಎರಡು ಗಂಟೆಗೆ ಮಾತ್ರ.

ಹವ್ಯಾಸವೇ ಬರಹದ ಬಂಡವಾಳವಾಗುವುದಕ್ಕೆ ಕನ್ನಡದಲ್ಲಿ ದೊಡ್ಡ ಉದಾಹರಣೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಅವರು ಹಚ್ಚಿಕೊಂಡ ಮೀನು ಶಿಕಾರಿ ಮತ್ತು ಪಕ್ಷಿ ಛಾಯಾಗ್ರಹಣ ಅವರ ಪುಸ್ತಕಗಳ ಪುಟಗಳಿಗೇ ಇಳಿದು ಬಂದವು. ಆದರೆ ತೇಜಸ್ವಿಯವರಿಗೆ ತೋಟವಿತ್ತು. ತೋಟವಿಲ್ಲದವರ ಪಾಡು ಬೇರೆ.

ನಾರಾಯಣ್ ನಡೆದ ಊರು

ತೋಟವಿಲ್ಲದೆ ಬರಹವನ್ನೇ ನೆಚ್ಚಿದವರಲ್ಲಿ ಇದೇ ಊರಿನ ಆರ್.ಕೆ. ನಾರಾಯಣ್ ಪ್ರಮುಖರು. 1930ರಲ್ಲಿ ಪದವಿ ಪಡೆದ ಅವರು ಮದರಾಸಿನ ‘ಜಸ್ಟೀಸ್’ ಪತ್ರಿಕೆಗೆ ಕೆಲಕಾಲ ಮೈಸೂರಿನ ಸುದ್ದಿ ಕಳಿಸುತ್ತಿದ್ದರು. ಎಷ್ಟು ಅಲೆದರು ಎಂಬುದಕ್ಕೆ ಬೆಲೆಯಿರಲಿಲ್ಲ. ಅಚ್ಚಾದ ಸುದ್ದಿಯ ಅಂಕಣದ ಉದ್ದಕ್ಕೆ ತಕ್ಕಂತೆ ಹಣ. ಆದರೆ ಮಾರುಕಟ್ಟೆ, ನ್ಯಾಯಾಲಯ, ಬೀದಿ ಎಂದು ಸುತ್ತಿದ ಆ ದಿನಗಳು ವ್ಯರ್ಥವಾಗಲಿಲ್ಲ. ಜನರನ್ನು ಹತ್ತಿರದಿಂದ ನೋಡುವ ಅಭ್ಯಾಸ ಅವರ ಕಥೆಗಳಲ್ಲಿ ಕೊನೆಯವರೆಗೂ ಉಳಿಯಿತು.

ಅವರು ಬೇಡಿಕೆಯ ಮೇಲೆಯೂ ಬರೆದವರು. 1939ರಲ್ಲಿ ಪ್ರಕಟವಾದ ‘ಮೈಸೂರು’ ಎಂಬ ಪ್ರವಾಸ ಗ್ರಂಥ ಸಂಸ್ಥಾನದ ಸರ್ಕಾರಕ್ಕಾಗಿ ಬರೆದದ್ದು. 1977ರ ‘ದಿ ಎಮರಾಲ್ಡ್ ರೂಟ್’ ಕರ್ನಾಟಕ ಸರ್ಕಾರಕ್ಕಾಗಿ ಬರೆದದ್ದು. ಯಾದವಗಿರಿಯ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಭೇಟಿ ಕೊಡುವವರು ಲೇಖಕನ ಮನೆಯನ್ನು ನೋಡಿ ಮೆಚ್ಚುತ್ತಾರೆ. ಅಂಕಣ ಅಳೆದು ಹಣ ಪಡೆದ ತರುಣನ ನೆನಪು ಮಾಡಿಕೊಳ್ಳುವವರು ಕಡಿಮೆ.

ಒಂದು ಲೇಖನದ ಹಿಂದಿನ ಲೆಕ್ಕ

ನಂಜನಗೂಡು ರಸಬಾಳೆಯ ಬಗ್ಗೆ 600 ಪದಗಳ ಲೇಖನ ಬೇಕೆಂದು ಒಂದು ಪತ್ರಿಕೆ ಕೇಳಿತು ಎಂದಿಟ್ಟುಕೊಳ್ಳೋಣ. ಭೌಗೋಳಿಕ ಗುರುತು ಪಡೆದ ಈ ಹಣ್ಣು ಪನಾಮ ಸೊರಗು ರೋಗದಿಂದ ತತ್ತರಿಸಿದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅಷ್ಟನ್ನೇ ಬರೆದರೆ ಲೇಖನವಾಗುವುದಿಲ್ಲ. ಒಂದು ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಹಣ್ಣು ಎಷ್ಟು ಬರುತ್ತಿದೆ, ಬೆಲೆ ಏನು ಎಂದು ವಿಚಾರಿಸಬೇಕು. ಒಂದು ದಿನ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಬೆಳೆಗಾರರನ್ನು ಕಾಣಬೇಕು. ತೋಟಗಾರಿಕೆ ಇಲಾಖೆಯ ಅಧಿಕಾರಿ ಸಿಗುವವರೆಗೂ ಕಚೇರಿಯ ಹೊರಗೆ ಕಾಯಬೇಕು. ನಾಲ್ಕು ಚಿತ್ರ ತೆಗೆಯಬೇಕು.

ಬರೆದ ಮೇಲೂ ಕೆಲಸ ಮುಗಿಯುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಕೆಲವು ಕಚೇರಿಗಳಿಗಾಗಿ ನುಡಿ ಅಕ್ಷರಕ್ಕೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ತಿದ್ದಬೇಕು. ಚಿತ್ರಗಳಿಗೆ ಅಡಿಬರಹ ಕೊಡಬೇಕು. ಹೀಗೆ ಮೂರು ನಾಲ್ಕು ದಿನಗಳು ಒಂದು ಲೇಖನಕ್ಕೆ ಸಲ್ಲುತ್ತವೆ. ಅದು ಪ್ರಕಟವಾಗಲು ವಾರಗಳು, ಸಂಭಾವನೆ ಬರಲು ತಿಂಗಳುಗಳು ಹಿಡಿಯುವುದೂ ಉಂಟು.

ಬರಹ ಯಾರ ಸ್ವತ್ತು?

ಇಲ್ಲಿಯೇ 1957ರ ಕೃತಿಸ್ವಾಮ್ಯ ಕಾಯ್ದೆ ಹವ್ಯಾಸಿ ಬರಹಗಾರನ ನೆರವಿಗೆ ಬರುತ್ತದೆ. ಪತ್ರಿಕೆಯ ನೌಕರನಾಗಿ ಬರೆದ ಲೇಖನವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ನೌಕರನಲ್ಲದ ಬರಹಗಾರನ ಲೇಖನಕ್ಕೆ ಮೊದಲ ಒಡೆಯ ಬರೆದವನೇ. ಇದಕ್ಕೆ ನೋಂದಣಿ ಕಡ್ಡಾಯವಲ್ಲ.

ಈ ಹಕ್ಕನ್ನು ಬರಹಗಾರ ಬೇರೆಯವರಿಗೆ ವಹಿಸಿಕೊಡಬಹುದು. ಆದರೆ ಬಾಯಿಮಾತು ಸಾಲದು. ಬರಹದಲ್ಲಿ, ಅವನ ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಹಕ್ಕನ್ನು ಕೊಟ್ಟ ಮೇಲೆಯೂ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವನಲ್ಲಿ ಉಳಿಯುತ್ತದೆ. ಕೃತಿಸ್ವಾಮ್ಯ ಲೇಖಕನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುವುದರಿಂದ, ಇಂದು ಕಣ್ಣುಮುಚ್ಚಿ ಹಾಕಿದ ಸಹಿ ಮಕ್ಕಳ ಕಾಲಕ್ಕೂ ತಟ್ಟೀತು.

ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಯಾರಾದರೂ ಕೇಳಿಕೊಂಡು, ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಅಂದರೆ ರಸಬಾಳೆಯ ಲೇಖನ ಬರೆದವನದಾಗಿ ಉಳಿದರೂ, ಅದರೊಂದಿಗೆ ತೆಗೆಸಿದ ಚಿತ್ರಗಳು ಪತ್ರಿಕೆಯ ಪಾಲಾಗಬಹುದು. ತನ್ನ ಸಂತೋಷಕ್ಕೆಂದು ಕೆರೆಯ ದಂಡೆಯಲ್ಲಿ ತೆಗೆದಿಟ್ಟ ಹೆಜ್ಜಾರ್ಲೆಯ ಚಿತ್ರ ತನ್ನದೇ. ಚಿತ್ರಗಳು ಯಾರಿಗೆ ಸೇರುತ್ತವೆ ಎಂಬುದನ್ನು ಮೊದಲೇ ಒಂದು ಸಾಲಿನಲ್ಲಿ ಬರೆಸಿಕೊಳ್ಳುವುದು ಜಾಣತನ.

ಬಸ್ ಟಿಕೆಟ್ ಎಸೆಯಬೇಡಿ

ಒಂದೇ ಸಂಸ್ಥೆಯಿಂದ ಒಂದು ಆರ್ಥಿಕ ವರ್ಷದಲ್ಲಿ ಬರುವ ವೃತ್ತಿ ಸಂಭಾವನೆ ನಿಗದಿತ ಮಿತಿ ದಾಟಿದರೆ ಸಾಮಾನ್ಯವಾಗಿ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳಲಾಗುತ್ತದೆ. 30,000 ರೂಪಾಯಿ ಇದ್ದ ಈ ಮಿತಿಯನ್ನು 2025ರ ಏಪ್ರಿಲ್‌ನಿಂದ 50,000 ರೂಪಾಯಿಗೆ ಏರಿಸಲಾಯಿತು. ಹಾಗೆ ಕಡಿತವಾದ ಹಣ ಹೋಯಿತೆಂದು ಕೈಬಿಡುವವರಿದ್ದಾರೆ. ವರ್ಷದ ಒಟ್ಟು ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ, ಆದಾಯ ತೆರಿಗೆ ವಿವರ ಸಲ್ಲಿಸಿ ಹೆಚ್ಚುವರಿ ಹಣವನ್ನು ವಾಪಸು ಪಡೆಯಬಹುದು.

ಲೇಖನಕ್ಕಾಗಿಯೇ ಮಾಡಿದ ಪ್ರಯಾಣ, ಕೊಂಡ ಪುಸ್ತಕ, ಇಂಟರ್‌ನೆಟ್ ವೆಚ್ಚವನ್ನು ವೃತ್ತಿಯ ಖರ್ಚೆಂದು ಆದಾಯದಿಂದ ಕಳೆಯಲು ಅವಕಾಶವಿದೆ. ಅದಕ್ಕೆ ಲೆಕ್ಕ ಮತ್ತು ರಸೀದಿ ಬೇಕು. ಮನೆಮಂದಿಯೊಡನೆ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದದ್ದು ಈ ಲೆಕ್ಕಕ್ಕೆ ಸೇರದು. ಮೆಟ್ಟಿಲುಗಳ ಸ್ಥಿತಿಯ ಬಗ್ಗೆ ಬರೆಯಲೆಂದೇ ಹೋದದ್ದು ಸೇರುತ್ತದೆ. ತಿರುಗಾಟದ ದಿನಾಂಕ, ಉದ್ದೇಶ, ಖರ್ಚುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಲೇಖನಕ್ಕೆ ನಿಜವಾಗಿ ಎಷ್ಟು ತಗುಲಿತು ಎಂಬುದು ಬರೆದವನಿಗೂ ಅರಿವಾಗುತ್ತದೆ. ಮುಂದಿನ ಸಲ ಸಂಭಾವನೆಯ ಮಾತು ಬಂದಾಗ ಸಂಕೋಚ ಅಷ್ಟು ಕಡಿಮೆಯಾಗುತ್ತದೆ.

ಹವ್ಯಾಸಿ ಎಂಬ ಹೆಸರು ಬದಲಾಗಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಕೆರೆಯ ಏರಿಯ ನಡಿಗೆಯಲ್ಲಿ ಸಂತೋಷವಿದೆ ಎಂಬುದೂ ಸುಳ್ಳಲ್ಲ. ಆದರೆ ಸಂತೋಷದಿಂದ ಮಾಡಿದ ಕೆಲಸ ಎಂಬ ಕಾರಣಕ್ಕೆ ಯಾವ ಬಡಗಿಯೂ ಕುರ್ಚಿಯನ್ನು ಪುಕ್ಕಟೆ ಕೊಡುವುದಿಲ್ಲ. ಲೇಖನ ಒಪ್ಪಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಸಂಭಾವನೆ ಎಷ್ಟು, ಯಾವಾಗ ಕೊಡುತ್ತೀರಿ, ಹಕ್ಕು ಯಾರದು? ಕೇಳಿದವರ ಲೇಖನವನ್ನು ಒಳ್ಳೆಯ ಸಂಪಾದಕರು ತಿರಸ್ಕರಿಸುವುದಿಲ್ಲ.