ಹುಣಸೆಬೀಜದ ದಾರಿ ಲೆಕ್ಕ

ಬಿಳಿಗಿರಿರಂಗನ ಬೆಟ್ಟದ ಕಾಡಲ್ಲಿ ಸೋಲಿಗರ ಅಕ್ಕಂದಿರು ನೆಲ್ಲಿಕಾಯಿಗೆ ಹೋಗ್ತಾರೆ. ಕಾಡಿನ ಕಾಯಿ, ಜೇನು ತರೋ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರಿಗೆ ಕೊಟ್ಟಿದೆ. ಅವರಿಗೆ ದಾರಿ ಬಾಯಿಪಾಠ. ಅವರಿಗೆ ನಾವು ಹೇಳಬೇಕಿಲ್ಲ. ನೀವೂ ಕಾಡಂಚಿನ ಊರಿನವರಾ ಅಕ್ಕಾ? ಹೊತ್ತು ಮುಳುಗೋದರೊಳಗೆ ಮನೆ ಸೇರಬೇಕು. ಸಂಜೆ ಆನೆಗಳು ಓಡಾಡ್ತವೆ. ಅದಕ್ಕೆ ಈ ಲೆಕ್ಕ ಕಲಿಯಿರಿ.

ಮೊದಲು ನಿಮ್ಮ ಹೆಜ್ಜೆ ಅಳೆಯಿರಿ. 10 ಮೀಟರ್ ಹಗ್ಗ ತಗೊಳ್ಳಿ. ಬಯಲಲ್ಲಿ ಒಂದೇ ಸಾಲಿಗೆ 10 ಸಲ ಹಾಸಿ. 100 ಮೀಟರ್ ಆಯ್ತು. ಅಷ್ಟು ದೂರ ನಡೆದು ಹೆಜ್ಜೆ ಎಣಿಸಿ. 160 ಹೆಜ್ಜೆ ಬಂತು ಅನ್ನಿ. ಆಗ 1 ಕಿಲೋಮೀಟರಿಗೆ 1,600 ಹೆಜ್ಜೆ.

ಅಷ್ಟು ಎಣಿಸೋದು ಕಷ್ಟ. ಮಾತಾಡ್ತಾ ಮರೆತುಹೋಗುತ್ತೆ. 100 ಹೆಜ್ಜೆಗೆ ಒಂದು ಹುಣಸೆಬೀಜ ಸೆರಗಿಗೆ ಹಾಕಿ. 16 ಬೀಜಕ್ಕೆ 1 ಕಿಲೋಮೀಟರ್. ಏರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತೆ. ಬೀಜ ಜಾಸ್ತಿ ಬೀಳುತ್ತೆ.

ಹೋದ ದಾರೀಲೇ ಬಂದರೆ ದೂರ ಎರಡರಷ್ಟು. ಸುತ್ತು ದಾರಿ ಇದ್ದರೆ ಪೂರ್ತಿ ಸುತ್ತನ್ನು ಒಮ್ಮೆ ಎಣಿಸಿಡಿ. ಏರು ಇರೋ ಕಡೆಯಿಂದಲೇ ಹೊರಡಿ. ಬರುವಾಗ ತಲೆ ಮೇಲೆ ಮೂಟೆ ಇರುತ್ತಲ್ಲ!

ಸುತ್ತು 80 ಬೀಜ ಅನ್ನಿ. ಅಂದರೆ 5 ಕಿಲೋಮೀಟರ್. 30ನೇ ಬೀಜಕ್ಕೆ ಮೋಡ ಕವಿಯಿತು. ಏನು ಮಾಡ್ತೀರಿ? ಮುಂದೆ 50 ಇದೆ, ಹಿಂದೆ 30. ತಿರುಗಿ ಬನ್ನಿ. 60 ದಾಟಿದ್ದರೆ ಮುಂದೆ ಹೋಗೋದೇ ಹತ್ತಿರ. ಆದರೆ ಮುಂದೆ ಆನೆಯ ಹಸಿ ಲದ್ದಿ ಕಂಡಿತಾ? ಆಗ ಲೆಕ್ಕ ಬಿಡಿ. ಸದ್ದು ಮಾಡದೆ ಹಿಂದಕ್ಕೆ ಬನ್ನಿ.